ವಾಹನದ ಗಾಜು ಒಡೆದಾಗ: ಐಚ್ಛಿಕ ವಿಮೆಯ ಲೆಕ್ಕಾಚಾರ

(ಮಂಗಳೂರಿನಲ್ಲಿ ನಡೆದ ಸಂಘಗಳ ಕಾರ್ಯದರ್ಶಿಗಳ ಹಾಗೂ ಹಾಲು ಉತ್ಪಾದಕ ಸದಸ್ಯರ ಮಾಹಿತಿ ಸಭೆಯಲ್ಲಿ ಪಶುವೈದ್ಯಕೀಯ ವಿಸ್ತರಣಾಧಿಕಾರಿಗಳು ಆಡಿದ ಮಾತಿನ ಪಠ್ಯ)



ದನದ ಡಾಕ್ಟರು ವಾಹನದ ಗಾಜಿನ ಬಗ್ಗೆ ಮಾತನಾಡುವುದೇ ಎಂದು ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿರುವುದು ನನಗೆ ಕಾಣುತ್ತಿದೆ. ನಗಬಹುದು, ತೊಂದರೆಯಿಲ್ಲ. ಕೆಚ್ಚಲುಬಾವು ಮತ್ತು ಖನಿಜ ಮಿಶ್ರಣದ ಬಗ್ಗೆ ನಾನು ಹೇಳಿದ್ದನ್ನೇ ಹೇಳಿ ತಮಗೂ ಬೇಸರ ಬಂದಿರಬಹುದು. ಈ ವಿಷಯ ನಾನಾಗಿ ಆರಿಸಿಕೊಂಡದ್ದಲ್ಲ. ಹಾಲು ಸಾಗಾಟದ ಟೆಂಪೋ ಇಟ್ಟುಕೊಂಡ ಸದಸ್ಯರೊಬ್ಬರು ದನದ ವಿಮೆಯ ಅರ್ಜಿಗೆ ಸಹಿ ಹಾಕಿಸಲು ಬಂದವರು ತಮ್ಮ ವಾಹನದ ಪಾಲಿಸಿಯನ್ನೂ ಮೇಜಿನ ಮೇಲೆ ಇಟ್ಟು, "ಡಾಕ್ಟ್ರೇ, ಇದರಲ್ಲಿ ಗ್ಲಾಸ್ ಕವರ್ ಅಂತ ಬೇರೆ ಹಣ ಕೇಳ್ತಾರೆ. ಕೊಡಬೇಕಾ ಬೇಡವಾ?" ಎಂದು ಕೇಳಿದರು. ಆಗ ನನಗೆ ಸರಿಯಾದ ಉತ್ತರ ಗೊತ್ತಿರಲಿಲ್ಲ. ಆಮೇಲೆ ಕುಳಿತು ಓದಿದೆ, ನನ್ನದೇ ಹಳೆಯ ಕಾಗದಪತ್ರ ತೆಗೆದು ಲೆಕ್ಕ ಹಾಕಿದೆ. ಅದನ್ನು ತಮ್ಮ ಮುಂದೆ ಇಡುತ್ತೇನೆ.

ತಮಗೆ ಗೊತ್ತಿರುವ ದನದ ವಿಮೆಯಿಂದಲೇ ಆರಂಭಿಸೋಣ. ಮೂಲ ಪಾಲಿಸಿಯಲ್ಲಿ ದನ ಸತ್ತರೆ ಪರಿಹಾರ. ಆದರೆ ದನ ಬದುಕಿದ್ದು, ಗಬ್ಬ ಕಟ್ಟುವ ಅಥವಾ ಹಾಲು ಕೊಡುವ ಶಕ್ತಿ ಶಾಶ್ವತವಾಗಿ ಹೋದರೆ ಮೂಲ ಪಾಲಿಸಿ ಸಹಾಯಕ್ಕೆ ಬರುವುದಿಲ್ಲ. ಶಾಶ್ವತ ಸಂಪೂರ್ಣ ಅಂಗವಿಕಲತೆ ಎಂಬ ಹೆಚ್ಚುವರಿ ರಕ್ಷಣೆಗೆ ಬೇರೆ ಪ್ರೀಮಿಯಂ ಕಟ್ಟಿರಬೇಕು. "ದನಕ್ಕೆ ಇನ್ಶೂರೆನ್ಸ್ ಉಂಟು" ಎಂದು ನಿಶ್ಚಿಂತೆಯಿಂದ ಇದ್ದವರು ಈ ವ್ಯತ್ಯಾಸವನ್ನು ತಿಳಿಯುವುದು ಹಟ್ಟಿಯಲ್ಲಿ ಬರಡು ದನ ಉಳಿದ ಮೇಲೆ. ವಾಹನದ ವಿಮೆಯೂ ಹೀಗೆಯೇ. ಕೆಳಗಿನ ಅಂತಸ್ತು ಮೂರನೇ ವ್ಯಕ್ತಿಯ ವಿಮೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಇದು ಕಡ್ಡಾಯ. ಅದರ ಮೇಲೆ ಸ್ವಂತ ಹಾನಿಯ ವಿಮೆ, ಇದು ನಮ್ಮ ಇಚ್ಛೆಗೆ ಬಿಟ್ಟದ್ದು. ಎರಡೂ ಸೇರಿದ್ದನ್ನು ಪ್ಯಾಕೇಜ್ ಪಾಲಿಸಿ ಎನ್ನುತ್ತಾರೆ, ನಮ್ಮ ಬಾಯಲ್ಲಿ ಫುಲ್ ಇನ್ಶೂರೆನ್ಸ್. ಅದಕ್ಕೂ ಮೇಲೆ ಸೇರಿಸಿಕೊಳ್ಳುವವು ಆಡ್-ಆನ್‌ಗಳು. ಗ್ಲಾಸ್ ಕವರ್ ಈ ಮೂರನೇ ಅಂತಸ್ತಿನ ಸಾಮಾನು.

ಮೂರನೇ ವ್ಯಕ್ತಿಯ ವಿಮೆ ಮಾತ್ರ ಇದ್ದವರಿಗೆ ತಮ್ಮ ಗಾಜಿಗೆ ಒಂದು ಪೈಸೆಯೂ ಸಿಗುವುದಿಲ್ಲ. ಇದರಲ್ಲಿ ಒಂದು ಗುಂಡಿ ಇದೆ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ, ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಮೂರನೇ ವ್ಯಕ್ತಿಯ ವಿಮೆಯನ್ನು ಒಟ್ಟಿಗೇ ಮಾಡಿಸಬೇಕಾಗಿದೆ. ಸ್ವಂತ ಹಾನಿಯ ಭಾಗವನ್ನು ಅನೇಕರು ಒಂದೇ ವರ್ಷಕ್ಕೆ ಮಾಡಿಸಿರುತ್ತಾರೆ. ಕಾಗದದ ಮೇಲೆ ಮೂರು ವರ್ಷ ಎಂಬುದು ಕಾಣುತ್ತದೆ, ಇವರು ಸುಮ್ಮನಿರುತ್ತಾರೆ. ಎರಡನೇ ವರ್ಷ ಗಾಜು ಒಡೆದಾಗ ಸ್ವಂತ ಹಾನಿಯ ಅವಧಿ ಮುಗಿದುಹೋಗಿರುತ್ತದೆ. ಹಾಗೆ ಮುಗಿದು 90 ದಿನ ಕಳೆದರೆ ಅಲ್ಲಿಯವರೆಗೆ ಕೂಡಿಸಿಟ್ಟ ಬೋನಸ್ ಕೂಡ ಹೋಗುತ್ತದೆ. ತಪ್ಪಿದ ವಿಮೆಯನ್ನು ಪುನಃ ಮಾಡಿಸುವಾಗ ವಾಹನದ ತಪಾಸಣೆ ಆಗುತ್ತದೆ, ಆಗ ಇದ್ದ ಬಿರುಕನ್ನು ಬರೆದುಕೊಳ್ಳುತ್ತಾರೆ. ರೋಗ ಬಂದ ದನಕ್ಕೆ ನಾನು ಆರೋಗ್ಯ ಪ್ರಮಾಣಪತ್ರ ಕೊಡುವುದಿಲ್ಲವಲ್ಲ, ಅದೇ ಪ್ರಕಾರ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸ್ವಂತ ಹಾನಿಯ ವಿಮೆ ಇದ್ದರೆ ಗಾಜು ಅದರಲ್ಲೇ ಸೇರಿದೆ. ಅದೂ ಒಳ್ಳೆಯ ರೀತಿಯಲ್ಲಿ ಸೇರಿದೆ. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಟಯರುಗಳಿಗೆ ಸವಕಳಿ ಎಂದು ಶೇ. 50 ಕಳೆಯುತ್ತಾರೆ. ಫೈಬರ್ ಗ್ಲಾಸಿಗೆ ಶೇ. 30. ಲೋಹದ ಭಾಗಗಳಿಗೆ ವಾಹನದ ವಯಸ್ಸಿನ ಮೇಲೆ ಶೇ. 50ರವರೆಗೂ ಹೋಗುತ್ತದೆ. ಗಾಜಿಗೆ ಮಾತ್ರ ಸವಕಳಿ ಇಲ್ಲ. ಹತ್ತು ವರ್ಷದ ಹಳೆಯ ವಾಹನವಾದರೂ ಗಾಜಿನ ಪೂರ್ತಿ ಬೆಲೆ ಲೆಕ್ಕಕ್ಕೆ ಬರುತ್ತದೆ. ಹಾಗಾದರೆ ಬೇರೆ ಗ್ಲಾಸ್ ಕವರ್ ಯಾಕೆ? ನನಗೂ ಇದೇ ಸಂಶಯ ಇತ್ತು. ಉತ್ತರ ನನ್ನದೇ ಅನುಭವದಲ್ಲಿ ಇತ್ತು.

ಎಂಟು ವರ್ಷದ ಹಿಂದಿನ ಮಾತು. ಸಂಜೆ ಹೊತ್ತಿನಲ್ಲಿ ಕರು ಅಡ್ಡ ಸಿಕ್ಕಿಕೊಂಡಿದೆ ಎಂದು ಕರೆ ಬಂತು. ಹೋದ ಅವಸರದಲ್ಲಿ ನನ್ನ ಸಣ್ಣ ಕಾರನ್ನು ಅಂಗಳದ ಬದಿಯ ತೆಂಗಿನ ಮರದ ಬುಡದಲ್ಲಿ ನಿಲ್ಲಿಸಿದೆ. ಕರಾವಳಿಯಲ್ಲಿ ಹುಟ್ಟಿ ಬೆಳೆದವನು ಮಾಡಬಾರದ ಕೆಲಸ ಅದು. ಕರು ಜೀವಂತ ಬಂತು, ತಾಯಿಯೂ ಎದ್ದು ನಿಂತಿತು, ನಾನು ಕೈ ತೊಳೆದು ಹೊರಗೆ ಬಂದಾಗ ಮುಂದಿನ ಗಾಜಿನ ನಡುವೆ ಒಂದು ತೆಂಗಿನಕಾಯಿ ಕುಳಿತಿತ್ತು. ಮನೆಯವರಿಗೆ ತುಂಬ ಸಂಕೋಚವಾಯಿತು. "ನಾವೇ ಹಾಕಿಸಿಕೊಡ್ತೇವೆ" ಎಂದು ಹಟ ಹಿಡಿದರು. "ಬೇಡ ಮಾರಾಯ್ರೇ, ನನಗೆ ಫುಲ್ ಇನ್ಶೂರೆನ್ಸ್ ಉಂಟು" ಎಂದು ನಾನು ದೊಡ್ಡ ಜನದಂತೆ ಹೇಳಿ ಬಂದೆ.

ವಿಮೆಯವರು ತಕರಾರಿಲ್ಲದೆ ಹಣ ಕೊಟ್ಟರು. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ಸ್ವಲ್ಪ ಸರಿಹೊಂದಿಸಿ ಹೇಳುತ್ತೇನೆ. ಬಿಲ್ಲು 5,400 ರೂಪಾಯಿ. ಅದರಲ್ಲಿ ಗಾಜು 4,200, ಸುತ್ತಲಿನ ರಬ್ಬರ್ ಬೀಡಿಂಗ್ 400, ಅಂಟು ಮತ್ತು ಕ್ಲಿಪ್ಪು 300, ಕೂಲಿ 500. ಗಾಜು ಮತ್ತು ಕೂಲಿ ಪೂರ್ತಿ ಒಪ್ಪಿದರು. ರಬ್ಬರಿಗೆ ಅರ್ಧ. ಅಂಟು ಮತ್ತು ಕ್ಲಿಪ್ಪು ಬಳಸಿ ಮುಗಿಯುವ ಸಾಮಗ್ರಿ ಎಂದು ಬಿಟ್ಟರು. ಒಟ್ಟು 4,900 ಆಯಿತು. ಅದರಿಂದ ಕಡ್ಡಾಯ ಕಡಿತ 1,000 ಹೋಯಿತು. 1,500 ಸಿ.ಸಿ.ವರೆಗಿನ ಖಾಸಗಿ ಕಾರಿಗೆ ಇದು ಸಾವಿರ, ಅದಕ್ಕಿಂತ ದೊಡ್ಡದಕ್ಕೆ ಎರಡು ಸಾವಿರ. ಕೈಗೆ ಬಂದದ್ದು 3,900. ಸಂತೋಷವಾಯಿತು.

ಸಂತೋಷ ಮರುವರ್ಷದ ನವೀಕರಣದವರೆಗೆ ಇತ್ತು. ಕ್ಲೈಮು ಮಾಡದೆ ಒಂದು ವರ್ಷ ಕಳೆದವರಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 20 ರಿಯಾಯಿತಿ ಇದೆ. ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಇದೇ ನೋ ಕ್ಲೈಮ್ ಬೋನಸ್. ನಾನು ಆಗ ಶೇ. 35ರಲ್ಲಿ ಇದ್ದೆ. ತೆಂಗಿನಕಾಯಿ ಬೀಳದಿದ್ದರೆ ಮರುವರ್ಷ 45, ಆಮೇಲೆ ಪ್ರತಿ ವರ್ಷ 50 ಸಿಗುತ್ತಿತ್ತು. ಕ್ಲೈಮು ಮಾಡಿದ ಕಾರಣ ಮರುವರ್ಷ ಸೊನ್ನೆ, ಆಮೇಲೆ ಪುನಃ 20, 25, 35, 45 ಎಂದು ಮೆಟ್ಟಿಲು ಹತ್ತಬೇಕಾಯಿತು. ಎರಡರ ವ್ಯತ್ಯಾಸ ಐದು ವರ್ಷದಲ್ಲಿ 45, 30, 25, 15, 5. ಕೂಡಿಸಿದರೆ 120. ಅಂದರೆ ಒಂದು ಇಡೀ ವರ್ಷದ ಪ್ರೀಮಿಯಂಗಿಂತ ಹೆಚ್ಚು. ಬೋನಸ್ ಕಳೆಯುವ ಮೊದಲಿನ ನನ್ನ ಸ್ವಂತ ಹಾನಿಯ ಪ್ರೀಮಿಯಂ ವರ್ಷಕ್ಕೆ 6,000 ಎಂದು ಹಿಡಿದರೆ ನಾನು ಕಳೆದುಕೊಂಡದ್ದು 7,200. ವರ್ಷ ಹೋದಂತೆ ವಾಹನದ ಬೆಲೆ ಇಳಿಯುವುದರಿಂದ ನಿಜವಾದ ಮೊತ್ತ ಸ್ವಲ್ಪ ಕಡಿಮೆ ಇರಬಹುದು. ಆದರೂ 3,900ಕ್ಕೆ ಆಸೆಪಟ್ಟು ಅದಕ್ಕಿಂತ ಎಷ್ಟೋ ಹೆಚ್ಚು ಕೊಟ್ಟೆ. ಆ ಮನೆಯವರು ಹಾಕಿಸಿಕೊಡುತ್ತೇವೆ ಎಂದಾಗ ಒಪ್ಪಿದ್ದರೆ ಚೆನ್ನಾಗಿತ್ತು ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ಹೊಸದಾಗಿ ವಿಮೆ ಮಾಡಿಸಿದ ಮೊದಲ ವರ್ಷವೇ ಕ್ಲೈಮು ಮಾಡಿದವರಿಗೆ ಇದೇ ಲೆಕ್ಕದಲ್ಲಿ ನಷ್ಟ ಒಂದು ವರ್ಷದ ಪ್ರೀಮಿಯಂನ ಅರ್ಧದಷ್ಟು ಮಾತ್ರ. ಬೋನಸ್ ಶೇ. 50 ಮುಟ್ಟಿದವರಿಗೆ 125. ಆದ್ದರಿಂದ ಯಾರೇ ಆಗಲಿ ಗಾಜು ಒಡೆದ ದಿನವೇ ಫೋನ್ ಎತ್ತುವ ಮೊದಲು ಪಾಲಿಸಿಯಲ್ಲಿ ಎರಡು ಅಂಕಿ ನೋಡಬೇಕು: ಸ್ವಂತ ಹಾನಿಯ ಪ್ರೀಮಿಯಂ ಎಷ್ಟು, ಈಗಿನ ಬೋನಸ್ ಶೇಕಡಾ ಎಷ್ಟು. ಮೂರನೇ ವ್ಯಕ್ತಿಯ ಪ್ರೀಮಿಯಂಗೂ ಈ ಬೋನಸ್ಸಿಗೂ ಸಂಬಂಧವಿಲ್ಲ, ಅದನ್ನು ಸೇರಿಸಿ ಲೆಕ್ಕ ಹಾಕಬೇಡಿ. ದೊಡ್ಡ ಅಪಘಾತದಲ್ಲಿ ಗಾಜೂ ಒಡೆದಿದ್ದರೆ ಈ ಯೋಚನೆ ಬೇಡ, ಕ್ಲೈಮು ಮಾಡಲೇಬೇಕು.

ಗ್ಲಾಸ್ ಕವರಿನ ಬೆಲೆ ಇರುವುದು ಇಲ್ಲಿಯೇ. ಗಾಜಿಗೆ ಹಣ ಸಿಗುವುದು ಅದರ ವಿಶೇಷವಲ್ಲ, ಗಾಜು ಬದಲಿಸಿದರೂ ಬೋನಸ್ ಉಳಿಯುವುದು ಅದರ ವಿಶೇಷ. ಆದರೆ ಈ ಮಾತು ಎಲ್ಲ ಕಂಪೆನಿಗಳ ಕವರಿಗೂ ಅನ್ವಯಿಸುವುದಿಲ್ಲ. 2007ರಲ್ಲಿ ಸ್ವಂತ ಹಾನಿಯ ವಿಮೆಯ ದರನಿಯಂತ್ರಣ ಹೋದ ಮೇಲೆ ಒಂದೊಂದು ಕಂಪೆನಿಯ ಆಡ್-ಆನ್ ಒಂದೊಂದು ರೀತಿ. ಒಬ್ಬರದ್ದು ಬೋನಸ್ ಉಳಿಸುತ್ತದೆ, ಇನ್ನೊಬ್ಬರದ್ದು ರಬ್ಬರ್ ಮತ್ತು ಪ್ಲಾಸ್ಟಿಕ್ಕಿನ ಸವಕಳಿ ಮಾತ್ರ ಕೊಡುತ್ತದೆ, ಮತ್ತೊಬ್ಬರದ್ದು ವರ್ಷಕ್ಕೆ ಒಂದೇ ಸಲ. ಆದ್ದರಿಂದ ಏಜೆಂಟರನ್ನು ಕೇಳಬೇಕಾದ್ದು "ಗ್ಲಾಸಿಗೆ ಸಿಗ್ತದಾ?" ಎಂದಲ್ಲ. ಅದಕ್ಕೆ ಅವರು ಹೌದು ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. "ಗಾಜಿಗೆ ಮಾತ್ರ ಕ್ಲೈಮು ಮಾಡಿದರೆ ನನ್ನ ಬೋನಸ್ ಉಳಿಯುತ್ತದೆಯೇ, ವರ್ಷಕ್ಕೆ ಎಷ್ಟು ಸಲ, ಕಡ್ಡಾಯ ಕಡಿತ ಅದಕ್ಕೂ ಉಂಟೋ" ಎಂದು ಕೇಳಿ, ಆ ಷರತ್ತು ಅಚ್ಚಾಗಿರುವ ಪುಟವನ್ನು ತೋರಿಸಲು ಹೇಳಿ. ಬೋನಸ್ ಉಳಿಸುವುದಕ್ಕೇ ಬೇರೆ ಆಡ್-ಆನ್ ಕೂಡ ಇದೆ, ಎರಡರ ಬೆಲೆಯನ್ನೂ ಹೋಲಿಸಿ ನೋಡಬಹುದು.

ಯಾರಿಗೆ ಬೇಕು ಎಂದರೆ, ಜಲ್ಲಿ ಮತ್ತು ಕೆಂಪುಕಲ್ಲಿನ ಲಾರಿಗಳ ಹಿಂದೆ ದಿನಾ ಓಡುವವರಿಗೆ ಬೇಕು. ಬಿ.ಸಿ. ರೋಡಿನಿಂದ ಅಡ್ಡಹೊಳೆಗೆ ವರ್ಷಗಟ್ಟಲೆ ನಡೆದ ಹೆದ್ದಾರಿ ಕಾಮಗಾರಿಯ ಹೊತ್ತಿನಲ್ಲಿ ಆ ದಾರಿಯಲ್ಲಿ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಾರಕ್ಕೊಮ್ಮೆ ಪೇಟೆಗೆ ಹೋಗಿಬರುವ ಕಾರಿಗೆ ಬೇಡ ಎಂಬುದು ನನ್ನ ಅಭಿಪ್ರಾಯ. ಆ ಹಣದಲ್ಲಿ ಕರುಗಳಿಗೆ ಜಂತುಹುಳದ ಔಷಧ ತನ್ನಿ.

ಗೂಡ್ಸ್ ಟೆಂಪೋ, ಗೂಡ್ಸ್ ರಿಕ್ಷಾ ಇರುವವರಿಗೆ ಬೇರೆ ಒಂದು ಮಾತಿದೆ, ಅದು ಗ್ಲಾಸ್ ಕವರಿಗಿಂತಲೂ ಮುಖ್ಯ. ಸರಕು ವಾಹನದ ಮೂಲ ಪಾಲಿಸಿಯಲ್ಲಿ ದೀಪಗಳು, ಟಯರು, ಮಡ್‌ಗಾರ್ಡ್, ಬಾನೆಟ್, ಬದಿಯ ಭಾಗಗಳು, ಬಂಪರ್, ಹೆಡ್‌ಲೈಟ್, ಪೈಂಟು ಇವು ಸೇರಿರುವುದಿಲ್ಲ. ಇವನ್ನು ಸೇರಿಸುವ ಹಿಂಬರಹಕ್ಕೆ ಐ.ಎಂ.ಟಿ. 23 ಎಂದು ಹೆಸರು. ಹಳೆಯ ದರಪಟ್ಟಿಯಲ್ಲಿ ಇದಕ್ಕೆ ಸ್ವಂತ ಹಾನಿಯ ಪ್ರೀಮಿಯಂ ಮೇಲೆ ಶೇ. 15 ಹೆಚ್ಚುವರಿ ಇತ್ತು. ಮುಂಭಾಗ ಜಜ್ಜಿದರೆ ಗಾಜಿಗೆ ಹಣ ಸಿಕ್ಕಿ ಉಳಿದದ್ದಕ್ಕೆಲ್ಲ ಇಲ್ಲ ಎಂಬ ಉತ್ತರ ಬಂದರೆ ಆಶ್ಚರ್ಯಪಡಬೇಡಿ, ನಿಮ್ಮ ಪಾಲಿಸಿಯಲ್ಲಿ ಆ ಸಂಖ್ಯೆ ಇದೆಯೇ ಎಂದು ಈಗಲೇ ನೋಡಿ. ಹೆಡ್‌ಲೈಟ್ ಕಣ್ಣಿಗೆ ಗಾಜಿನ ಹಾಗೆ ಕಂಡರೂ ಈಗಿನ ವಾಹನಗಳಲ್ಲಿ ಅದು ಪ್ಲಾಸ್ಟಿಕ್, ಸವಕಳಿಯೂ ಅದರಂತೆಯೇ.

ಇನ್ನು ಖಾಸಗಿ ನೋಂದಣಿಯ ವ್ಯಾನಿನಲ್ಲಿ ಬಾಡಿಗೆಗೆ ಹಾಲಿನ ಕ್ಯಾನ್ ಸಾಗಿಸುವವರು ಇದ್ದೀರಿ. ಯಾರೆಂದು ಕೇಳುವುದಿಲ್ಲ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆಯ ಉಪಯೋಗವನ್ನೂ ಸರಕು ಸಾಗಾಟವನ್ನೂ ಸ್ಪಷ್ಟವಾಗಿ ಹೊರಗಿಟ್ಟಿದ್ದಾರೆ. ಕ್ಯಾನ್ ತುಂಬಿದ ವ್ಯಾನಿನ ಫೋಟೋ ಕಳಿಸಿ ಗಾಜಿನ ಹಣ ಕೇಳಿದರೆ ಗಾಜಿನ ಹಣ ಮಾತ್ರವಲ್ಲ, ಬೇರೆ ಪ್ರಶ್ನೆಗಳೂ ಏಳುತ್ತವೆ. ಹಳೆಯ ವಾಹನ ಕೊಂಡವರೂ ಎಚ್ಚರ ವಹಿಸಬೇಕು. ಮೂರನೇ ವ್ಯಕ್ತಿಯ ವಿಮೆ ವಾಹನದ ಜೊತೆಗೆ ಬರುತ್ತದೆ, ಸ್ವಂತ ಹಾನಿಯದ್ದು ತಾನಾಗಿ ಬರುವುದಿಲ್ಲ. 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಬೋನಸ್ ಮಾತ್ರ ಮಾರಿದವನದ್ದು, ಅದು ವಾಹನದ್ದಲ್ಲ. ದನ ಕೊಂಡು ಕಿವಿಯೋಲೆ ಸಂಖ್ಯೆ ಹಳೆಯ ಮಾಲೀಕರ ಹೆಸರಿನಲ್ಲೇ ಬಿಟ್ಟವರ ಪಾಡನ್ನು ನಾವು ಎಷ್ಟು ಕಂಡಿಲ್ಲ!

ಗಾಜಿನ ಬಗ್ಗೆಯೇ ಎರಡು ಮಾತು. ಮುಂದಿನ ಗಾಜು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಮಾಡಿದ್ದು, ಒಡೆದರೂ ಉದುರುವುದಿಲ್ಲ. ಬದಿಯ ಗಾಜು ಸಾಮಾನ್ಯವಾಗಿ ಕಾಯಿಸಿ ಗಟ್ಟಿ ಮಾಡಿದ್ದು, ಒಡೆದರೆ ಕಲ್ಲುಸಕ್ಕರೆಯ ಹಾಗೆ ಪುಡಿ. ಆದ್ದರಿಂದ ಬದಿಯದ್ದಕ್ಕೆ ರಿಪೇರಿ ಇಲ್ಲ, ಮುಂದಿನದ್ದರಲ್ಲಿ ಸಣ್ಣ ಚುಕ್ಕೆ ಬಿದ್ದಿದ್ದರೆ ರಾಳದಂಥ ದ್ರವ ತುಂಬಿ ಅಲ್ಲಿಗೇ ನಿಲ್ಲಿಸಬಹುದು. ಅದು ಬೇಗ ಆಗಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಕಾದ ಗಾಜಿಗೆ ತಣ್ಣೀರು ಎರಚಿ ಟೆಂಪೋ ತೊಳೆದರೆ ಚುಕ್ಕೆ ಇದ್ದದ್ದು ಗೆರೆಯಾಗುತ್ತದೆ. ಹೊಸ ಗಾಜನ್ನು ಅಂಟಿಸಿದ್ದಾದರೆ ಅಂಟು ಒಣಗುವವರೆಗೆ, ಅಂಗಡಿಯವರು ಹೇಳಿದಷ್ಟು ಗಂಟೆ ವಾಹನ ಓಡಿಸಬಾರದು. ಸಂಜೆಯ ಹಾಲಿಗೆ ಬೇರೆ ವಾಹನ ಗೊತ್ತು ಮಾಡಿಟ್ಟೇ ಗಾಜು ಹಾಕಿಸಿ.

ಕ್ಲೈಮು ಮಾಡುವುದೆಂದು ತೀರ್ಮಾನಿಸಿದರೆ ಒಡೆದ ಗಾಜನ್ನು ತೆಗೆಯುವ ಮೊದಲು ತಿಳಿಸಬೇಕು. ಅನೇಕರು ಗಾಜು ಹಾಕಿಸಿ, ಹಳೆಯದನ್ನು ಬಿಸಾಡಿ, ಬಿಲ್ಲು ಹಿಡಿದುಕೊಂಡು ಹೋಗುತ್ತಾರೆ. ಸತ್ತ ದನವನ್ನು ಹೂಳಿ ಬಂದು ನನ್ನಲ್ಲಿ ಮರಣೋತ್ತರ ವರದಿ ಕೇಳಿದಂತಾಯಿತು. ಬಂದ್ ದಿನ ಯಾರೋ ಕಲ್ಲು ಹೊಡೆದರೂ, ಗಾಳಿಮಳೆಗೆ ಗೆಲ್ಲು ಮುರಿದು ಬಿದ್ದರೂ ಸ್ವಂತ ಹಾನಿಯ ಪಾಲಿಸಿಯಲ್ಲಿ ಪರಿಹಾರ ಇದೆ. ಕಲ್ಲು ಹೊಡೆದದ್ದಾದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟ ಪ್ರತಿ ಇಟ್ಟುಕೊಳ್ಳಿ. ನ್ಯಾಯವಾದ ಕ್ಲೈಮನ್ನು ತಿರಸ್ಕರಿಸಿದರೆ ಮೊದಲು ಕಂಪೆನಿಗೇ ಬರವಣಿಗೆಯಲ್ಲಿ ದೂರು ಕೊಡಿ, ಆಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಅವರಿಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ.

ಪಾಲಿಸಿ ತಂದವರು ಚಹಾ ಆದ ಮೇಲೆ ನನ್ನ ಹತ್ತಿರ ಬನ್ನಿ, ಬೋನಸ್ ಮತ್ತು ಐ.ಎಂ.ಟಿ. 23 ಎಲ್ಲಿ ಬರೆದಿದೆ ಎಂದು ತೋರಿಸುತ್ತೇನೆ. ದನದ ವಿಮೆಯ ಅರ್ಜಿ ತಂದವರು ಅವರಿಗಿಂತ ಮೊದಲು ಬನ್ನಿ. ಕಾರು ಹೊರಗೆ ನಿಲ್ಲಿಸಿದ್ದೇನೆ, ತೆಂಗಿನ ಮರದ ಬುಡದಲ್ಲಿ ಅಲ್ಲ.