ನೀರಿನ ದಡದ ಸೈಕಲ್ ದಾರಿ ಮತ್ತು ನಮ್ಮ ಊರು

(ಮಹಿಳಾ ಸ್ವಸಹಾಯ ಸಂಘಗಳ ವಲಯ ಮಟ್ಟದ ಸಮಾವೇಶದಲ್ಲಿ ನೀಡಿದ ಮಾಹಿತಿ ಭಾಷಣ)



ಕಳೆದ ಮಳೆಗಾಲದ ಕೊನೆಗೆ ನಮ್ಮ ಒಂದು ಸಂಘದ ಸದಸ್ಯೆಗೆ ಬೆಳಗಿನ ಜಾವ ಬೈಕ್ ಬಡಿಯಿತು. ಅವರಿಗೆ ಸಕ್ಕರೆ ಕಾಯಿಲೆ. ದಿನಾ ಅರ್ಧ ಗಂಟೆ ನಡೀಬೇಕು ಅಂತ ಡಾಕ್ಟರು ಹೇಳಿದ್ದರು. ನಡೆಯೋದಕ್ಕೆ ಇದ್ದದ್ದು ಟಾರ್ ರಸ್ತೆಯ ಅಂಚು ಮಾತ್ರ. ಕಾಲು ಮುರಿದು ಮೂರು ತಿಂಗಳು ಕೂಲಿ ಇಲ್ಲ, ಸಾಲದ ಕಂತು ಕಟ್ಟಲು ದಾರಿ ಇಲ್ಲ. ಸಂಘದವರೇ ಸೇರಿ ಕಂತು ಕಟ್ಟಿದರು. ನಾವು ನೋಡಲು ಹೋದಾಗ ಆ ತಾಯಿ ಕೇಳಿದರು: "ಸಿಸ್ಟರ್, ನಡೀರಿ ನಡೀರಿ ಅಂತ ಎಲ್ಲರೂ ಹೇಳ್ತಾರೆ. ಎಲ್ಲಿ ನಡೀಲಿ ಅಂತ ಯಾರೂ ಹೇಳಲ್ಲ."

ಆ ಪ್ರಶ್ನೆಗೆ ಆಗ ನಮ್ಮಲ್ಲಿ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಆದರೆ ನಮ್ಮ ಸಭೆಯ ಸಿಸ್ಟರ್ ಒಬ್ಬರು ಆಸ್ಟ್ರಿಯಾ ದೇಶದಲ್ಲಿ ನರ್ಸ್ ಆಗಿದ್ದಾರೆ. ರಜೆಗೆ ಬಂದಾಗ ಅವರು ಅಲ್ಲಿಯ ಒಂದು ಸೈಕಲ್ ದಾರಿಯ ವಿಷಯ ಹೇಳಿದರು. ಆಮೇಲೆ ನಾವೂ ಅದರ ಬಗ್ಗೆ ಓದಿ ತಿಳಿದುಕೊಂಡೆವು. ಅದನ್ನು ನಿಮ್ಮ ಮುಂದೆ ಇಡುತ್ತೇವೆ.

ಯುರೋಪಿನಲ್ಲಿ ಡ್ಯಾನ್ಯೂಬ್ ಎಂಬ ದೊಡ್ಡ ನದಿ ಇದೆ. ಹಿಂದಿನ ಕಾಲದಲ್ಲಿ ಸರಕು ತುಂಬಿದ ದೋಣಿಗಳನ್ನು ಹರಿವಿಗೆ ಎದುರಾಗಿ ಕುದುರೆಗಳು ಎಳೆಯುತ್ತಿದ್ದವು. ಕುದುರೆ ನಡೆಯಲು ನದಿಯ ದಡದುದ್ದಕ್ಕೂ ದಾರಿ ಮಾಡಿದ್ದರು. 19ನೇ ಶತಮಾನದಲ್ಲಿ ಉಗಿ ಹಡಗು ಬಂತು, ಕುದುರೆಯ ಕೆಲಸ ಹೋಯಿತು, ದಾರಿ ಉಳಿಯಿತು. 1980ರ ದಶಕದಲ್ಲಿ ಈ ದಾರಿಯನ್ನು ಸೈಕಲ್ ಸವಾರರಿಗೆ ಸಜ್ಜುಗೊಳಿಸಿದರು. ಜರ್ಮನಿಯ ಪಾಸೌ ಪಟ್ಟಣದಿಂದ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದವರೆಗೆ 300 ಕಿ.ಮೀ.ಗೂ ಹೆಚ್ಚು ಉದ್ದ. ಬಹುಪಾಲು ಡಾಂಬರು ಹಾಕಿದ್ದು. ನದಿಯ ಪಕ್ಕವೇ ಇರುವುದರಿಂದ ಏರು ಕಡಿಮೆ. ಮಕ್ಕಳೂ, ಅರವತ್ತು ದಾಟಿದವರೂ ತುಳಿಯಬಹುದು. ಎಲ್ಲ ಕಡೆ ಪ್ರತ್ಯೇಕ ದಾರಿಯೇನೂ ಇಲ್ಲ. ಕೆಲವು ಕಡೆ ಊರಿನ ಸಣ್ಣ ರಸ್ತೆಯನ್ನೇ ಬಳಸಿದ್ದಾರೆ, ರೈತರ ಟ್ರ್ಯಾಕ್ಟರೂ ಅಲ್ಲಿ ಬರುತ್ತದೆ.

ಇದರಿಂದ ಊರಿನವರಿಗೆ ಏನು ಸಿಕ್ಕಿತು? ಕಾರಿನಲ್ಲಿ ಹೋಗುವವರು ಊರು ದಾಟಿಬಿಡುತ್ತಾರೆ. ಸೈಕಲಿನಲ್ಲಿ ಹೋಗುವವರಿಗೆ ಹಸಿವಾಗುತ್ತದೆ, ಬಾಯಾರುತ್ತದೆ, ಕಾಲು ನೋಯುತ್ತದೆ, ಟ್ಯೂಬು ಪಂಚರ್ ಆಗುತ್ತದೆ. ದಿನಕ್ಕೆ ನಲವತ್ತು ಐವತ್ತು ಕಿ.ಮೀ. ತುಳಿದ ಮೇಲೆ ಸಂಜೆಗೆ ಯಾವುದೋ ಸಣ್ಣ ಊರಿನಲ್ಲೇ ತಂಗಬೇಕು. ಹಾಗಾಗಿ ಅಲ್ಲಿ ಮನೆಯ ಒಂದು ಕೋಣೆಯನ್ನು ಬಾಡಿಗೆಗೆ ಕೊಡುವ ಕುಟುಂಬಗಳು ಬಹಳ. "ಕೋಣೆ ಖಾಲಿ ಇದೆ" ಎಂಬ ಫಲಕ ಬಾಗಿಲಲ್ಲಿ ತೂಗುತ್ತದೆ. ವಾಖೌ ಎಂಬ ಕಣಿವೆಯಲ್ಲಿ ಏಪ್ರಿಕಾಟ್ ಹಣ್ಣು ಹೆಸರುವಾಸಿ. ಅದರ ಜಾಮ್ ಮಾಡಿ ದಾರಿಹೋಕರಿಗೆ ಮಾರುತ್ತಾರೆ. ಸೈಕಲ್ ಸಮೇತ ನದಿ ದಾಟಿಸುವ ದೋಣಿಯವರಿಗೂ ಕೆಲಸ ಇದೆ. ಅದೇ ದಾರಿಯಲ್ಲಿ ಮೆಲ್ಕ್ ಪಟ್ಟಣದ ಗುಡ್ಡದ ಮೇಲೆ 1089ರಿಂದ ಬೆನೆಡಿಕ್ಟ್ ಸಭೆಯ ಸನ್ಯಾಸಿಗಳ ಮಠವಿದೆ. ಪ್ರಾರ್ಥಿಸಲು, ನೋಡಲು ಅಲ್ಲಿಯೂ ಸೈಕಲಿನವರು ಬರುತ್ತಾರೆ.

ಜರ್ಮನಿಯ ಸೈಕಲ್ ಸವಾರರ ಒಕ್ಕೂಟ 1995ರಲ್ಲಿ ಒಂದು ವ್ಯವಸ್ಥೆ ತಂದಿತು. ಕೆಲವು ನಿಯಮ ಪಾಲಿಸುವ ವಸತಿಗೃಹಗಳಿಗೆ ಗುರುತಿನ ಫಲಕ ಕೊಡುತ್ತಾರೆ. ಒಂದೇ ರಾತ್ರಿಗೆ ಬಂದವರನ್ನೂ ಸೇರಿಸಿಕೊಳ್ಳಬೇಕು. ಸೈಕಲ್ ಇಡಲು ಬೀಗ ಹಾಕುವ ಜಾಗ ಬೇಕು. ಒದ್ದೆ ಬಟ್ಟೆ ಒಣಗಿಸಲು ವ್ಯವಸ್ಥೆ ಬೇಕು. ರಿಪೇರಿಗೆ ಸ್ಪ್ಯಾನರ್, ಪಂಪು ಇರಬೇಕು. ಬೆಳಿಗ್ಗೆ ಹೊಟ್ಟೆ ತುಂಬುವ ತಿಂಡಿ ಇರಬೇಕು. ಇಷ್ಟೇ. ಇದರಲ್ಲಿ ನಮ್ಮ ಹೆಂಗಸರಿಗೆ ಮಾಡಲಾಗದ್ದು ಯಾವುದಿದೆ ಹೇಳಿ?

ಆದರೆ ಸಹೋದರಿಯರೇ, ಒಂದು ಎಚ್ಚರಿಕೆ. ಅಲ್ಲಿ ಚಳಿಗಾಲ ಬಂದರೆ ಸೈಕಲಿನವರು ಬರುವುದಿಲ್ಲ. ಜಾಮ್ ಮಾರುವವರಿಗೆ ತೋಟವೂ ಇದೆ, ಕೋಣೆ ಕೊಡುವವರಿಗೆ ಬೇರೆ ದುಡಿಮೆಯೂ ಇದೆ. 2013ರಲ್ಲಿ ಡ್ಯಾನ್ಯೂಬಿಗೆ ಭಾರೀ ನೆರೆ ಬಂದಾಗ ದಡದ ಊರು, ದಾರಿ ಎಲ್ಲ ಕೆಸರಾಯಿತು. ದಾರಿ ಮಾಡಿದರೆ ಮುಗಿಯಲಿಲ್ಲ, ವರ್ಷಾ ವರ್ಷ ನೋಡಿಕೊಳ್ಳುವವರು ಬೇಕು. ಸಾಲ ಮಾಡಿ ಅಂಗಡಿ ಇಡುವ ಮುಂಚೆ ಇದನ್ನು ಲೆಕ್ಕ ಹಾಕಬೇಕು.

ಈಗ ನಮ್ಮ ಊರಿಗೆ ಬರೋಣ. ನಮ್ಮಲ್ಲಿ ಡ್ಯಾನ್ಯೂಬ್ ಇಲ್ಲ, ನಾಲೆ ಇದೆ. ನಾಲೆಯ ಏರಿ ಮೇಲೆ ಇಲಾಖೆಯ ಜೀಪಿಗೆ ಅಂತ ಮಾಡಿದ ಮಣ್ಣಿನ ದಾರಿ ಇದೆ. ಅರ್ಧ ಕಡೆ ಲಂಟಾನ ಬೆಳೆದಿದೆ, ಇನ್ನರ್ಧ ಕಡೆ ಕಸ ಸುರಿಯುತ್ತಾರೆ. ಹೈಸ್ಕೂಲಿಗೆ ಹೋಗುವ ಮಕ್ಕಳು ಇದನ್ನು ಬಿಟ್ಟು ಲಾರಿ ಓಡಾಡುವ ರಸ್ತೆ ಹಿಡಿಯುತ್ತಾರೆ. 2006-07ರಲ್ಲಿ ನಮ್ಮ ರಾಜ್ಯ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಆಗ ಎಷ್ಟೋ ಹುಡುಗಿಯರು ಮೊದಲ ಸಲ ತಮ್ಮದೇ ಸೈಕಲ್ ಹತ್ತಿದರು. ಆದರೆ ಸೈಕಲ್ ಬಂತು, ದಾರಿ ಬರಲಿಲ್ಲ. ಮನೆ ಮನೆಗೆ ಹೋದಾಗ "ರಸ್ತೆ ಭಯ ಸಿಸ್ಟರ್, ಅದಕ್ಕೆ ಕಳಿಸಲ್ಲ" ಅಂತ ತಾಯಂದಿರು ಹೇಳಿದ್ದನ್ನು ನಾವೇ ಕೇಳಿದ್ದೇವೆ.

ಹೈದರಾಬಾದಿನಲ್ಲಿ 2023ರಲ್ಲಿ ಹೊರವರ್ತುಲ ರಸ್ತೆಯ ಪಕ್ಕ 23 ಕಿ.ಮೀ. ಸೈಕಲ್ ಪಥ ಮಾಡಿ, ಮೇಲೆ ಸೋಲಾರ್ ಛಾವಣಿ ಹಾಕಿದ್ದಾರೆ. ಅಷ್ಟು ದೊಡ್ಡದು ನಮಗೆ ಬೇಡ. ಊರಿಂದ ಶಾಲೆಯವರೆಗೆ ಎರಡು ಕಿ.ಮೀ. ಗಟ್ಟಿ ದಾರಿ, ನೀರಿನ ಕಡೆಗೆ ಭದ್ರವಾದ ತಡೆಬೇಲಿ, ಎರಡು ದೀಪ, ಕೂರಲು ಒಂದು ಕಟ್ಟೆ ಸಾಕು. ಪ್ರವಾಸಿಗಳು ಬರುವುದು ಆಮೇಲಿನ ಮಾತು. ಬಾರದಿದ್ದರೂ ನಷ್ಟವಿಲ್ಲ. ಮೊದಲ ಲಾಭ ಊರಿನವರಿಗೇ: ಮಗಳು ಭಯವಿಲ್ಲದೆ ಶಾಲೆಗೆ ಹೋಗ್ತಾಳೆ, ಸಕ್ಕರೆ ಕಾಯಿಲೆಯ ತಾಯಿ ಕೈಕಾಲು ಕಳೆದುಕೊಳ್ಳದೆ ನಡೀತಾಳೆ, ಅತ್ತೆ ಸೊಸೆ ಸಂಜೆ ಹೊತ್ತು ನಾಲ್ಕು ಹೆಜ್ಜೆ ಹಾಕ್ತಾರೆ. ಗಂಡಸರಿಗೆ ಕೂರಲು ಸರ್ಕಲ್ ಇದೆ, ಟೀ ಅಂಗಡಿ ಇದೆ. ಹೆಂಗಸರಿಗೆ ಊರಿನಲ್ಲಿ ಅಂಥ ಜಾಗ ಎಲ್ಲಿದೆ?

ಇದು ಸುಲಭ ಅಂತ ನಾವು ಹೇಳುವುದಿಲ್ಲ. ಏರಿ ನೀರಾವರಿ ಇಲಾಖೆಯದು, ಅನುಮತಿ ಬೇಕು. ಭತ್ತದ ಕೊಯ್ಲಿನಲ್ಲಿ ಟ್ರ್ಯಾಕ್ಟರ್ ಹೋಗಬೇಕು ಅಂತ ರೈತರು ಕೇಳುತ್ತಾರೆ, ಅದು ನ್ಯಾಯವೇ. ಅವರನ್ನು ದೂರ ಇಟ್ಟು ಮಾಡಿದರೆ ದಾರಿ ಉಳಿಯುವುದಿಲ್ಲ. ಅವರ ಮನೆಯ ಹೆಂಗಸರು ಸಂಘದಲ್ಲಿ ಇದ್ದಾರಲ್ಲ, ಅಲ್ಲಿಂದಲೇ ಮಾತು ಶುರುವಾಗಲಿ. ಒಬ್ಬರು ಅರ್ಜಿ ಕೊಟ್ಟರೆ ಕಡತದಲ್ಲಿ ಮಲಗುತ್ತದೆ. ಹತ್ತು ಸಂಘದವರು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿದರೆ ನಡವಳಿ ಪುಸ್ತಕದಲ್ಲಿ ಬರೆಯಲೇಬೇಕಾಗುತ್ತದೆ.

ಮುಂದಿನ ವಾರದ ಸಭೆಯಲ್ಲಿ ಉಳಿತಾಯ, ಸಾಲ ವಸೂಲಿ ಮುಗಿದ ಮೇಲೆ ಈ ಮೂರು ವಿಷಯ ಚರ್ಚಿಸಿ, ನಿರ್ಣಯ ಬರೆಯಿರಿ:

1. ನಮ್ಮ ಊರಿನಲ್ಲಿ ವಾಹನದ ಭಯವಿಲ್ಲದೆ ನಡೆಯಲು, ಸೈಕಲ್ ತುಳಿಯಲು ಯೋಗ್ಯವಾದ ಹಳೆಯ ದಾರಿ ಯಾವುದಿದೆ? ಅದು ಯಾರಿಗೆ ಸೇರಿದ್ದು?

2. ಅದರಿಂದ ಯಾರಿಗೆ ಅನುಕೂಲ, ಯಾರಿಗೆ ತೊಂದರೆ? ತೊಂದರೆಯಾಗುವವರ ಹತ್ತಿರ ಯಾರು ಹೋಗಿ ಮಾತಾಡುತ್ತೀರಿ?

3. ದಾರಿ ಆದ ಮೇಲೆ ಕಸ ತೆಗೆಯಲು, ಗಿಡ ಸವರಲು ಯಾವ ಸಂಘಕ್ಕೆ ಯಾವ ತಿಂಗಳು?

ಕಾಲು ಮುರಿದ ನಮ್ಮ ಸಹೋದರಿ ಈಗ ಕೋಲು ಹಿಡಿದು ಅಂಗಳದಲ್ಲೇ ನಡೆಯುತ್ತಾರೆ. ಆ ಸಂಘದವರು ಕಳೆದ ಶನಿವಾರ ಸೇರಿ ಏರಿಯ ಲಂಟಾನ ಸ್ವಲ್ಪ ದೂರ ಕಡಿದಿದ್ದಾರೆ. ಯಾರ ಅಪ್ಪಣೆಗೂ ಕಾಯಲಿಲ್ಲ, ಹಣವೂ ಬೇಕಾಗಲಿಲ್ಲ. ಉಳಿದದ್ದನ್ನು ಗ್ರಾಮಸಭೆಯಲ್ಲಿ ಕೇಳುತ್ತಾರಂತೆ. ನಾವೂ ಅವರ ಜೊತೆ ಹೋಗುತ್ತೇವೆ. ನೀವೂ ಬನ್ನಿ.