ಕಡಲು ಒಂದೇ, ಫೈಲು ಎರಡು

ಹವಾಮಾನ ಬದಲಾವಣೆ ಮತ್ತು ಕರಾವಳಿ ಅಂತ ವಿಷಯ ಕೊಟ್ಟಿದ್ದೀರಿ. ಅಷ್ಟು ದೊಡ್ಡದನ್ನು ಹೊರುವ ತಾಕತ್ತು ನನಗಿಲ್ಲ. ಉಳ್ಳಾಲದಿಂದ ಉಪ್ಪಳದವರೆಗಿನ ಕಡಲಿನ ಬಗ್ಗೆ ಮಾತ್ರ ಹೇಳ್ತೇನೆ.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಉಪ್ಪಳ ಮುಸೋಡಿಯಲ್ಲಿ ಎರಡಂತಸ್ತಿನ ಮನೆಯೊಂದು ಕಡಲಿಗೆ ಕುಸಿದ ವಿಡಿಯೋ ನೀವೆಲ್ಲ ನೋಡಿರ್ತೀರಿ. ಚಂಡಮಾರುತ ಆದರೆ ಮೊದಲೇ ಗೊತ್ತಾಗ್ತದೆ, ಗಾಳಿ ಮಳೆ ಉಂಟು. ಗೊತ್ತಾಗದ್ದು ಇನ್ನೊಂದು. ಆಕಾಶ ಶುಭ್ರ, ಗಾಳಿ ಇಲ್ಲ, ಆದರೂ ಕಡಲು ಉಬ್ಬಿ ಅಂಗಳಕ್ಕೆ ಬರ್ತದೆ. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲೆಲ್ಲೋ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿ ಇಲ್ಲಿಗೆ ಮುಟ್ಟುವುದು. ಕೇರಳದ ಮೀನುಗಾರರು ಇದಕ್ಕೆ ಇಟ್ಟ ಹೆಸರು ಕಳ್ಳಕ್ಕಡಲ್. ಯುನೆಸ್ಕೋ 2012ರಲ್ಲಿ ಆ ಶಬ್ದವನ್ನೇ ಒಪ್ಪಿಕೊಂಡಿತು. ಕಳ್ಳ ಅಂದ್ರೂ ಕಡಲು ಅಂದ್ರೂ ನಮಗೆ ಅನುವಾದ ಬೇಡ, ನೋಡಿ! 2024ರ ಮಾರ್ಚ್ 31ಕ್ಕೆ ತಿರುವನಂತಪುರ, ಕೊಲ್ಲಂ, ಆಲಪ್ಪುಳದ ಕಡೆ ಬಂದದ್ದು ಇದೇ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಈಗ ಇದರ ಮುನ್ಸೂಚನೆ ಕೊಡ್ತದೆ. 1901ರಿಂದ 2018ರೊಳಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ, ಹೆಚ್ಚುಕಡಿಮೆ ಒಂದು ಗೇಣು. ಆ ಒಂದು ಗೇಣಿನ ಮೇಲೆ ನಿಂತು ಬರುವ ಅಲೆ ಅಜ್ಜಂದಿರ ಕಾಲದಲ್ಲಿ ನಿಂತಲ್ಲಿಗೆ ನಿಲ್ಲುವುದಿಲ್ಲ.

ಇನ್ನು ಹೊಯಿಗೆ. ಮಳೆಗಾಲದಲ್ಲಿ ಕಡಲು ದಂಡೆಯ ಹೊಯಿಗೆಯನ್ನು ಎಳೆದುಕೊಂಡು ಹೋಗ್ತದೆ, ಮಳೆ ಬಿಟ್ಟ ಮೇಲೆ ಹೆಚ್ಚಿನಂಶ ತಂದು ಹಾಕ್ತದೆ. ಜೊತೆಗೆ ದಂಡೆಯುದ್ದಕ್ಕೂ ಅದು ಸಾಗ್ತಾ ಇರ್ತದೆ. ಅಳಿವೆಯಲ್ಲೋ ಬಂದರಿನಲ್ಲೋ ಕಡಲೊಳಗೆ ಕಲ್ಲಿನ ತಡೆ ಕಟ್ಟಿದರೆ ಒಂದು ಬದಿ ಹೊಯಿಗೆ ಗುಡ್ಡೆ ಬೀಳ್ತದೆ, ಇನ್ನೊಂದು ಬದಿಗೆ ಉಪವಾಸ. ದಂಡೆಗೆ ಕಲ್ಲು ಹಾಕಿದರೂ ಅಷ್ಟೇ. ಗೋಡೆಗೆ ಬಡಿದ ಅಲೆ ಅದರ ಬುಡದ ಹೊಯಿಗೆ ಕೆರೆಯುತ್ತದೆ, ಕಲ್ಲು ಕೂರುತ್ತದೆ, ಗೋಡೆ ಮುಗಿದಲ್ಲಿರುವ ಮನೆಗೆ ಪೆಟ್ಟು. ಪ್ರತಿ ವರ್ಷ ಕಲ್ಲಿನ ಲೋಡು ಬರುವುದನ್ನು ಯೋಜನೆ ಅಂತ ಕರೆಯಲು ನನಗೆ ಮನಸ್ಸಿಲ್ಲ.

ಉಳ್ಳಾಲದಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಕಡಲೊಳಗೆ ರೀಫ್ ಕಟ್ಟಿದರು. ಆಮೇಲೆ ಸೋಮೇಶ್ವರ ಉಚ್ಚಿಲ, ಬಟ್ಟಪ್ಪಾಡಿಯಲ್ಲಿ ಕೊರೆತ ಜೋರಾಯ್ತು ಅಂತ ಅಲ್ಲಿನವರ ದೂರು. ಅದರಿಂದಲೇ ಆಯ್ತು ಅಂತ ನಾನು ತೀರ್ಪು ಕೊಡುವುದಿಲ್ಲ. ಆದರೆ ಬಟ್ಟಪ್ಪಾಡಿ ದಾಟಿದರೆ ತಲಪಾಡಿ ಗಡಿ, ಅದರಾಚೆ ನಮ್ಮ ಕಣ್ವತೀರ್ಥ. ಹೊಯಿಗೆಗೆ ಚೆಕ್‌ಪೋಸ್ಟ್ ಉಂಟಾ ಮಾರಾಯ್ರೇ? ಕರಾವಳಿ ನಿರ್ವಹಣೆಯ ನಕ್ಷೆ ಮಾತ್ರ ರಾಜ್ಯಕ್ಕೊಂದು. ಒಂದು ಫೈಲು ಬೆಂಗಳೂರಲ್ಲಿ, ಇನ್ನೊಂದು ತಿರುವನಂತಪುರದಲ್ಲಿ, ಎರಡೂ ಗಡಿಗೆ ಬಂದು ನಿಲ್ತವೆ. ನೇತ್ರಾವತಿ ಅಳಿವೆಯಿಂದ ಶಿರಿಯಾ ಅಳಿವೆವರೆಗೆ ಹೊಯಿಗೆಯ ಲೆಕ್ಕವನ್ನು ಎರಡೂ ರಾಜ್ಯ ಕೂತು ಒಂದೇ ಪುಸ್ತಕದಲ್ಲಿ ಬರೆಯಬೇಕು. ಗಡಿಯ ಎರಡೂ ಬದಿಯ ಭಾಷೆ ಬಲ್ಲವರು ನಾವು, ಇದನ್ನು ಕೇಳಬೇಕಾದವರೂ ನಾವೇ.

ಹಾಗಾದರೆ ಸ್ಥಳಾಂತರ? ಕೇರಳದ ಪುನರ್ಗೇಹಂ ಯೋಜನೆಯಲ್ಲಿ ಭರತರೇಖೆಯಿಂದ 50 ಮೀಟರ್ ಒಳಗಿರುವ ಮೀನುಗಾರ ಕುಟುಂಬಕ್ಕೆ ಜಾಗ ಮತ್ತು ಮನೆಗೆ ಸೇರಿ 10 ಲಕ್ಷ ರೂಪಾಯಿ. ಒಳ್ಳೆಯದೇ, ಜೀವ ಉಳೀತದೆ. ಆದರೆ ಮನೆ ಸ್ಥಳಾಂತರ ಆಗ್ತದೆ, ಕಸುಬು ಆಗುವುದಿಲ್ಲ. ಬೆಳಗ್ಗಿನ ಜಾವ ಕಡಲಿನ ಬಣ್ಣ ನೋಡಿ ದೋಣಿ ಇಳಿಸುವವರು ಒಳನಾಡಿನ ಮೂರು ಸೆಂಟ್ಸಿನಲ್ಲಿ ಕೂತು ಏನು ನೋಡುವುದು? ದೋಣಿ ಎಳೆದಿಡಲು, ಬಲೆ ಒಣಗಿಸಲು, ಮೀನು ಹರಾಜು ಹಾಕಲು ದಂಡೆಯಲ್ಲಿ ಜಾಗ ಅವರ ಹೆಸರಲ್ಲೇ ಉಳಿಯಬೇಕು. ಅದು ಬರಹದಲ್ಲಿ ಬೇಕು. ಆ ಬರಹ ಸಹಿ ಹಾಕುವವರಿಗೆ ಓದಲು ಬರುವ ಭಾಷೆಯಲ್ಲಿರಬೇಕು. ಮನೆಯಲ್ಲಿ ತುಳುವೋ ಬ್ಯಾರಿಯೋ ಮಾತಾಡಿದರೂ ಶಾಲೆಯಲ್ಲಿ ಕನ್ನಡ ಕಲಿತವರು ಇಲ್ಲಿ ತುಂಬ ಜನ. ಮಲಯಾಳ ಮಾತು ಅರ್ಥ ಆಗ್ತದೆ, ಅಕ್ಷರ ಬರುವುದಿಲ್ಲ. ಅಜ್ಜನ ಜಾಗ ಬಿಟ್ಟುಕೊಡುವ ಕಾಗದಕ್ಕೆ ಓದದೆ ಸಹಿ ಹಾಕುವುದು ಹೇಗೆ? ಕಡಲು ಉಬ್ಬುವ ಎಚ್ಚರಿಕೆಯೂ ಹಾಗೆಯೇ, ಮಧ್ಯರಾತ್ರಿ ಬಂದ ಸಂದೇಶವನ್ನು ಓದಿ ಹೇಳುವವರನ್ನು ಹುಡುಕಲು ಹೊತ್ತಿರುವುದಿಲ್ಲ.

ಕೊನೆಗೆ ಒಂದು ಕೆಲಸ. 2019ರ ಸಿಆರ್‌ಝಡ್ ಅಧಿಸೂಚನೆಯಲ್ಲಿ ಅಪಾಯರೇಖೆ ಅಂತ ಒಂದು ಉಂಟು. ಕಟ್ಟಡಕ್ಕೆ ಅನುಮತಿ ಕೊಡಲು ಅಲ್ಲ, ವಿಪತ್ತು ಎದುರಿಸುವ ಮತ್ತು ಹೊಂದಿಕೊಳ್ಳುವ ಯೋಜನೆ ಮಾಡಲೆಂದೇ ಇರುವ ಗೆರೆ ಅದು. ಮುಂದಿನ ಗ್ರಾಮಸಭೆಯಲ್ಲಿ, ಆ ಗೆರೆ ನಮ್ಮ ವಾರ್ಡಿನಲ್ಲಿ ಯಾರ ಮನೆಯ ಮೇಲಿನಿಂದ ಹೋಗ್ತದೆ, ಅದರೊಳಗೆ ಅಂಗನವಾಡಿ ಉಂಟಾ, ಕುಡಿಯುವ ನೀರಿನ ಬಾವಿ ಉಂಟಾ ಅಂತ ಕೇಳಿ. ಬಾಯಲ್ಲಿ ಕೇಳಿ ಬಿಡಬೇಡಿ, ಕನ್ನಡದಲ್ಲೇ ಅರ್ಜಿ ಬರೆದು ಕೊಡಿ. ಸಂವಿಧಾನದ 350ನೇ ವಿಧಿಯಲ್ಲಿ ಅದಕ್ಕೆ ಹಕ್ಕು ಉಂಟು. ಸ್ವೀಕರಿಸಿದ ಸೀಲು ಹಾಕಿಸಿ, ಒಂದು ಪ್ರತಿ ಮನೆಯಲ್ಲಿಟ್ಟುಕೊಳ್ಳಿ.