‘ಆಮೇಲೆ ನೋಡೋಣ’ ಎಂದ ಅಪ್‌ಡೇಟ್‌ಗಳ ಕಥೆ



ಕೆಲಸದ ಭರದಲ್ಲಿರುವಾಗ ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ‘ಅಪ್‌ಡೇಟ್ ಬಂದಿದೆ’ ಎಂದು ಕಂಡರೆ, ‘ಆಮೇಲೆ ನೋಡೋಣ’ ಎಂದು ಒತ್ತಿ ಮುಂದೆ ಹೋಗುವವರೇ ಹೆಚ್ಚು. ಈ ‘ಆಮೇಲೆ’ ಎನ್ನುವುದರಿಂದ ಜಗತ್ತು ಎಷ್ಟು ಪೆಟ್ಟು ತಿಂದಿದೆ ಎಂಬುದೇ ಇವತ್ತಿನ ಮಾತು.

1988ರ ನವೆಂಬರ್ 2. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮೋರಿಸ್ ತಾನಾಗಿಯೇ ಹರಡಿಕೊಳ್ಳುವ ಒಂದು ಸಣ್ಣ ಪ್ರೋಗ್ರಾಮನ್ನು ಅಂತರ್ಜಾಲಕ್ಕೆ ಬಿಟ್ಟ. ಇ-ಮೇಲ್ ಸಾಗಿಸುವ ತಂತ್ರಾಂಶದಲ್ಲಿದ್ದ ದೋಷ, ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡ್‌ಗಳು, ಇಷ್ಟು ಸಾಕಾಯಿತು. ಅದು ಏನನ್ನೂ ಕದಿಯಲಿಲ್ಲ, ಅಳಿಸಲಿಲ್ಲ. ಆದರೆ ಹೊಕ್ಕ ಯಂತ್ರಕ್ಕೇ ಮತ್ತೆ ಮತ್ತೆ ಹೊಕ್ಕು ಸಾವಿರಾರು ಕಂಪ್ಯೂಟರ್‌ಗಳ ಉಸಿರುಗಟ್ಟಿಸಿತು. ಇಂಥ ಅವಘಡಗಳನ್ನು ನಿಭಾಯಿಸಲು ‘ಸರ್ಟ್’ ಎಂಬ ತಂಡ ಹುಟ್ಟಿದ್ದು ಆಗಲೇ. ನಮ್ಮ ದೇಶದ ‘ಸರ್ಟ್-ಇನ್’ 2004ರಲ್ಲಿ ಬಂತು.

2003ರ ಆಗಸ್ಟ್‌ನಲ್ಲಿ ‘ಬ್ಲಾಸ್ಟರ್’ ಎಂಬ, ಹಾಗೆಯೇ ತಾನಾಗಿ ಹರಡುವ ಕಂಪ್ಯೂಟರ್ ಹುಳು ಬಂತು. ವಿಂಡೋಸ್ ಎಕ್ಸ್‌ಪಿ ಇದ್ದ ಕಂಪ್ಯೂಟರ್‌ಗಳು ನೋಡನೋಡುತ್ತಿದ್ದಂತೆ ತಾವೇ ಆಫ್ ಆಗಿ ಮತ್ತೆ ಆನ್ ಆಗತೊಡಗಿದವು. ಅಚ್ಚರಿಯೆಂದರೆ, ಅದನ್ನು ತಡೆಯುವ ತೇಪೆಯನ್ನು, ಅಂದರೆ ದೋಷ ಮುಚ್ಚುವ ಅಪ್‌ಡೇಟನ್ನು, ಮೈಕ್ರೋಸಾಫ್ಟ್ ಜುಲೈನಲ್ಲೇ ಕೊಟ್ಟಿತ್ತು. ಹಾಕಿಕೊಂಡವರು ಕಡಿಮೆ. ಅದೇ ವರ್ಷದ ಅಕ್ಟೋಬರ್‌ನಿಂದ ಕಂಪನಿ ತಿಂಗಳ ಎರಡನೇ ಮಂಗಳವಾರವನ್ನು ತೇಪೆಗಳಿಗೆ ಮೀಸಲಿಟ್ಟಿತು. ಆ ಪದ್ಧತಿ ಇಂದಿಗೂ ಇದೆ.

ಇಲ್ಲೊಂದು ಸೂಕ್ಷ್ಮ ಇದೆ. ತೇಪೆ ಹೊರಬಂದ ಕೂಡಲೇ ತೂತು ಎಲ್ಲಿತ್ತು ಎಂಬುದೂ ಬಯಲಾಗುತ್ತದೆ. ಹಳೆಯ ಫೈಲನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕಳ್ಳನಿಗೆ ದಾರಿ ತಿಳಿಯುತ್ತದೆ. ಅದಕ್ಕೇ ಬಲ್ಲವರು ಮಂಗಳವಾರದ ಮರುದಿನವನ್ನು ದಾಳಿಕೋರರ ಬುಧವಾರ ಎಂದು ಹಾಸ್ಯ ಮಾಡುವುದು. ತೇಪೆ ಬಂದ ದಿನಕ್ಕೂ ನೀವು ಅದನ್ನು ಹಾಕಿಕೊಳ್ಳುವ ದಿನಕ್ಕೂ ನಡುವಿನ ಅವಧಿಯೇ ನಿಜವಾದ ಅಪಾಯ.

2017ರಲ್ಲಿ ಆದದ್ದೂ ಅದೇ. ಮಾರ್ಚ್ 14ರಂದು ವಿಂಡೋಸ್‌ನ ಒಂದು ದೋಷಕ್ಕೆ ತೇಪೆ ಬಂತು. ಏಪ್ರಿಲ್‌ನಲ್ಲಿ, ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎ ಅದೇ ದೋಷವನ್ನು ಬಳಸಲು ಗುಟ್ಟಾಗಿ ಮಾಡಿಟ್ಟುಕೊಂಡಿದ್ದ ಸಾಧನ ಸೋರಿಕೆಯಾಯಿತು. ಮೇ 12ರಂದು ‘ವನ್ನಾಕ್ರೈ’ ಎಂಬ ಹುಳು ಸುಮಾರು 150 ದೇಶಗಳಿಗೆ ನುಗ್ಗಿತು. ಫೈಲುಗಳಿಗೆಲ್ಲ ಬೀಗ ಜಡಿದು, ಬಿಡಿಸಿಕೊಳ್ಳಲು 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ನಮ್ಮಲ್ಲಿ ಆಂಧ್ರದ ಪೊಲೀಸ್ ಕಂಪ್ಯೂಟರ್‌ಗಳಿಗೂ ತಟ್ಟಿತು. ಅದನ್ನು ನಿಲ್ಲಿಸಿದ್ದು ಮಾರ್ಕಸ್ ಹಚಿನ್ಸ್ ಎಂಬ ಇಂಗ್ಲಿಷ್ ಯುವಕ. ಅದರೊಳಗೆ ಅಡಗಿದ್ದ ಒಂದು ಜಾಲತಾಣದ ವಿಳಾಸವನ್ನು ಹತ್ತು ಡಾಲರ್ ಚಿಲ್ಲರೆ ಕೊಟ್ಟು ಆತ ತನ್ನ ಹೆಸರಿಗೆ ನೋಂದಾಯಿಸಿದ; ಹಾವಳಿ ತಗ್ಗಿತು. ಎಲ್ಲರೂ ದೂರಿದ್ದು ಮುದಿ ಎಕ್ಸ್‌ಪಿಯನ್ನು. ಆದರೆ ಬಹುಪಾಲು ಪೆಟ್ಟು ತಿಂದದ್ದು, ಉಚಿತ ತೇಪೆ ಸಿಗುತ್ತಿದ್ದರೂ ಹಾಕಿಕೊಳ್ಳದ ವಿಂಡೋಸ್ 7!

ಹಳೆಯದನ್ನು ಬಿಡದಿರುವುದು ಬರೀ ಸೋಮಾರಿತನ ಎನ್ನಲಾರೆ. ನಮ್ಮ ಕನ್ನಡದ ಡಿಟಿಪಿ ಅಂಗಡಿಗಳನ್ನೇ ನೋಡಿ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಪುಸ್ತಕಗಳು, ಲಗ್ನಪತ್ರಿಕೆಗಳೆಲ್ಲ ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ ಕೂತಿವೆ. ಆ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯುನಿಕೋಡ್ ಅದಕ್ಕೆ ಗೊತ್ತಿಲ್ಲ. ಹೊಸ ಕಂಪ್ಯೂಟರ್‌ನಲ್ಲಿ ಒತ್ತಕ್ಷರ ಕೆಟ್ಟು ಕೂತರೆ ಗಿರಾಕಿಗೆ ಏನು ಹೇಳುವುದು? ಆ ಭಯ ನ್ಯಾಯವಾದದ್ದೇ. ಅಪ್‌ಡೇಟೇ ಅನಾಹುತ ಮಾಡಿದ್ದೂ ಉಂಟು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ತಪ್ಪು ಫೈಲಿನಿಂದ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಆದರೂ ಎರಡನ್ನೂ ತೂಗಿ ನೋಡಿದರೆ, ಹಾಕಿಕೊಂಡು ಕೆಟ್ಟವರಿಗಿಂತ ಹಾಕಿಕೊಳ್ಳದೆ ಕೆಟ್ಟವರೇ ಹೆಚ್ಚು ಎಂಬುದು ನನ್ನ ಲೆಕ್ಕ.

ಈಗ ವಿಂಡೋಸ್ 10ರ ಸರದಿ. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲು ಬೆಂಬಲ ಮುಗಿಯಿತು. ಮನೆ ಬಳಕೆದಾರರಲ್ಲಿ ಹೆಸರು ನೋಂದಾಯಿಸಿಕೊಂಡವರಿಗೆ ಮಾತ್ರ ಇನ್ನೊಂದು ವರ್ಷ ಭದ್ರತಾ ತೇಪೆ ಕೊಡುವುದಾಗಿ ಕಂಪನಿ ಹೇಳಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಬೇಕು. ಅನೇಕ ಹಳೆಯ ಕಂಪ್ಯೂಟರ್‌ಗಳಲ್ಲಿ ಅದಿಲ್ಲ. ಚೆನ್ನಾಗಿ ಓಡುವ ಯಂತ್ರವನ್ನು ಗುಜರಿಗೆ ಹಾಕಿ ಎನ್ನುವುದು ನನಗಂತೂ ಒಪ್ಪಿಗೆಯಿಲ್ಲ. ಅಂಥವುಗಳಿಗೆ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಇದೆ, ಉಚಿತವಾಗಿ. ಯುನಿಕೋಡ್ ಕನ್ನಡವೂ ಅದರಲ್ಲಿ ಚೆನ್ನಾಗಿಯೇ ಮೂಡುತ್ತದೆ.

ಬದಲಾಯಿಸುವ ಮೊದಲು ನಿಮ್ಮ ಹಳೆಯ ನುಡಿ, ಬರಹ ಫೈಲುಗಳನ್ನು ಯುನಿಕೋಡ್‌ಗೆ ಪರಿವರ್ತಿಸಿ, ಬೇರೊಂದು ಡಿಸ್ಕಿನಲ್ಲಿ ಒಂದು ಪ್ರತಿ ತೆಗೆದಿಡಿ. ಪ್ರತಿ ತೆಗೆದ ಮೇಲೆ ಆ ಡಿಸ್ಕನ್ನು ಕಂಪ್ಯೂಟರ್‌ನಿಂದ ಬಿಚ್ಚಿಡುವುದನ್ನು ಮಾತ್ರ ಮರೆಯಬೇಡಿ. ಸಿಕ್ಕಿಸಿಯೇ ಬಿಟ್ಟರೆ ವನ್ನಾಕ್ರೈಯಂಥವು ಅದಕ್ಕೂ ಬೀಗ ಹಾಕುತ್ತವೆ.